ಹೆಗಲ ಟವೆಲು

ಸಂಜೆ ಗೇಟಿನ ಚಿಲಕ ಸದ್ದಾದರೆ ಮಾನ್ಯ ತಟ್ಟೆ ಬಿಟ್ಟು ಓಡುತ್ತಿದ್ದಳು. ಚಿಕ್ಕಪೇಟೆಯ ಅಂಗಡಿಯಿಂದ ಬಂದ ಶೀನಣ್ಣನವರು ಚಪ್ಪಲಿ ಬಿಡುವ ಮೊದಲೇ ಮೊಮ್ಮಗಳನ್ನು ಎತ್ತಿಕೊಳ್ಳಬೇಕು. ಅವಳು ಅವರ ಹೆಗಲ ಟವೆಲಿಗೆ ಮೂಗು ಒತ್ತಬೇಕು.

"ಹೇಳು, ಇವತ್ತೇನು?"

"ದವನ."

"ಅದರ ಕೆಳಗೆ?"

"ಬೇರು."

"ಯಾವ ಬೇರು?"

"ಲಾವಂಚ ತಾತ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

"ನೋಡಿದ್ಯೇನೇ?" ಎಂದು ಶೀನಣ್ಣನವರು ಹೆಂಡತಿಯ ಕಡೆ ತಿರುಗುತ್ತಿದ್ದರು. "ನಿನ್ ಮಗನಿಗೆ ಮೂವತ್ತೈದಾದ್ರೂ ಪಚೋಲಿಗೂ ಲಾವಂಚಕ್ಕೂ ವ್ಯತ್ಯಾಸ ತಿಳೀಲಿಲ್ಲ. ಇವಳಿಗೆ ಇನ್ನೂ ನಾಲ್ಕು ತುಂಬಿಲ್ಲ."

"ಅವನಿಗೆ ಬ್ಯಾಂಕಲ್ಲಿ ನೋಟಿನ ವಾಸನೆ ಗೊತ್ತಾದ್ರೆ ಸಾಕು ಬಿಡಿ," ಎನ್ನುತ್ತಿದ್ದರು ಭಾಗೀರಥಮ್ಮ.

ಶೀನಣ್ಣನವರದು ಸುಗಂಧ ತೈಲದ ವ್ಯಾಪಾರ. ದವನ, ಲಾವಂಚ, ಪಚೋಲಿ, ನಿಂಬೆಹುಲ್ಲು, ನೀಲಗಿರಿ, ಹೀಗೆ ಗಿಡಗಳಿಂದ ಇಳಿಸಿದ ಎಣ್ಣೆ ತರಿಸಿ ಊದಿನಕಡ್ಡಿ ಮಾಡುವವರಿಗೆ ಮಾರುವುದು. ತಂದೆಯ ಕಾಲದ ಅಂಗಡಿ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಸಣ್ಣದು. ಹಾಗಾಗಿ ಸರಕೆಲ್ಲ ಎನ್.ಆರ್. ಕಾಲೋನಿಯ ಮನೆಯಲ್ಲಿ, ಹಜಾರದ ಪಕ್ಕದ ಕೋಣೆಯಲ್ಲಿ, ಅಲ್ಯೂಮಿನಿಯಂ ಕ್ಯಾನುಗಳಲ್ಲಿ ಇರುತ್ತಿತ್ತು. ಕೋಣೆಯ ಬಾಗಿಲು ಹಾಕಿದರೂ ತೆಗೆದರೂ ಮನೆಗೆಲ್ಲ ಅದೇ ವಾಸನೆ. ಸೊಸೆ ಸುಪ್ರಜಾ ಬಂದ ಹೊಸದರಲ್ಲಿ ತಲೆನೋವು ಅನ್ನುತ್ತಿದ್ದಳು, ಆಮೇಲೆ ಅಭ್ಯಾಸವಾಯಿತು. ಅವಳು ಪಾಠ ಮಾಡುವ ಸ್ಕೂಲಿನಲ್ಲಿ ಊಟದ ಡಬ್ಬಿ ತೆಗೆದರೆ ಪಕ್ಕದವರು, "ಚಿತ್ರಾನ್ನಕ್ಕೂ ಅತ್ತರು ಹಾಕ್ತಾರಾ ನಿಮ್ಮನೇಲಿ?" ಎಂದು ನಗುತ್ತಿದ್ದರು.

ಕ್ಯಾನಿನಿಂದ ಎಣ್ಣೆ ಬಗ್ಗಿಸಿದ ಮೇಲೆ ಬಾಯಿಯ ಅಂಚಿನಲ್ಲಿ ಒಂದು ತೊಟ್ಟು ನಿಲ್ಲುತ್ತದೆ. ಅದನ್ನು ಹೆಗಲ ಟವೆಲಿನಿಂದ ಒರೆಸಿಕೊಳ್ಳುವುದು ಶೀನಣ್ಣನವರ ತಂದೆಯಿಂದ ಬಂದ ಅಭ್ಯಾಸ. ಆ ಟವೆಲಿಗೆ ಸೋಪು ತಾಗಿಸುವಂತಿಲ್ಲ, ಬರೀ ನೀರಿನಲ್ಲಿ ಜಾಲಿಸಿ ಒಣಗಿಸುವುದು. ವರ್ಷಕ್ಕೊಂದು ಸಲ ಆಯುಧಪೂಜೆಗೆ ಹೊಸ ಟವೆಲು. ಹಳೆಯದು ಭಾಗೀರಥಮ್ಮನ ರೇಷ್ಮೆ ಸೀರೆಗಳ ಪೆಟ್ಟಿಗೆಗೆ ಹೋಗುತ್ತಿತ್ತು. ಸೀರೆಗೆ ಹುಳ ಹತ್ತುವುದಿಲ್ಲ, ಉಟ್ಟರೆ ಮದುವೆಮನೆಯಲ್ಲಿ ನಾಲ್ಕು ಜನ ತಿರುಗಿ ನೋಡುತ್ತಾರೆ.

ರಾತ್ರಿಯ ಊಟವಾದ ಮೇಲೆ ಮಾನ್ಯ ಆ ಟವೆಲಿನ ಮೇಲೆ ಕೆನ್ನೆ ಇಟ್ಟೇ ನಿದ್ದೆ ಹೋಗುತ್ತಿದ್ದಳು. ಹೋಗುವ ಮೊದಲು ಒಂದು ಪ್ರಶ್ನೆ ಇರುತ್ತಿತ್ತು.

"ಗಿಡದೊಳಗಿಂದ ಎಣ್ಣೆ ಹೆಂಗ್ ಬರತ್ತೆ ತಾತ?"

"ದೊಡ್ಡ ಪಾತ್ರೆಗೆ ಗಿಡ ತುಂಬಿ ನೀರು ಹಾಕಿ ಬೆಂಕಿ ಹಾಕ್ತಾರೆ. ಕುದಿಯೋವಾಗ ಹಬೆ ಏಳತ್ತಲ್ಲ, ಅದು ವಾಸನೇನ ಹೊತ್ಕೊಂಡು ಹೊರಗೆ ಬರತ್ತೆ."

"ಮುಚ್ಚಿಟ್ರೆ?"

"ಮುಚ್ಚಿದ್ರೂ ಸಂದೀಲಿ ಬರತ್ತೆ. ಅದನ್ನ ಹಿಡಿಯೋದೇ ಕೆಲಸ. ಮಲ್ಕೋ."

ದೀಪಾವಳಿ ಕಳೆದ ವಾರ ಮಾನ್ಯಳಿಗೆ ಕೆಮ್ಮು ಶುರುವಾಯಿತು. ಸುಪ್ರಜಾ ಸಿರಪ್ಪು ಕೊಡುತ್ತಿದ್ದಳು. ಭಾನುವಾರ ಅವಳಿಗೆ ಯಾವುದೋ ಪರೀಕ್ಷೆಯ ಡ್ಯೂಟಿ. ಮಗ ಆಕರ್ಷ ತರಕಾರಿಗೆಂದು ಗಾಂಧಿ ಬಜಾರಿಗೆ ಹೋಗಿದ್ದ. ಮಧ್ಯಾಹ್ನ ಮಗು ಕೆಮ್ಮಿ ಕೆಮ್ಮಿ ಎದ್ದು ಕೂತಾಗ ಶೀನಣ್ಣನವರು ಕೋಣೆಗೆ ಹೋಗಿ ಮೂಲೆಯ ಕ್ಯಾನು ತೆಗೆದರು.

"ಬೆಟ್ಟದಿಂದ ಬಂದಿರೋ ನೀಲಗಿರಿ. ಹೋದ ವಾರದ್ದು. ಇಂಥ ಮಾಲು ಔಷಧಿ ಅಂಗಡೀಲಿ ಕಣ್ಣಿಗೂ ಬೀಳಲ್ಲ."

"ಒಂಚೂರು ಕೊಬ್ಬರಿ ಎಣ್ಣೆ ಬೆರಸ್ರೀ," ಎಂದರು ಭಾಗೀರಥಮ್ಮ.

"ಬೆರೆಸಿದ್ರೆ ಗುಣ ಎಲ್ಲಿರತ್ತೆ?"

ಎದೆಗೆ ಹಚ್ಚಿದರು, ಬೆನ್ನಿಗೆ ಹಚ್ಚಿದರು. ದಿಂಬಿಗೆ ಕರ್ಪೂರದ ಎಣ್ಣೆಯನ್ನೂ ಸೇರಿಸಿ ಹನಿಸಿದರು. ಮಗು ಅಳಲಿಲ್ಲ. "ನೀಲಗಿರಿ," ಎಂದಳು, "ಕರ್ಪೂರ," ಎಂದಳು. ತಾತನಿಗೆ ಹೆಮ್ಮೆಯಾಯಿತು.

ಸುಪ್ರಜಾ ಬರುವ ಹೊತ್ತಿಗೆ ಮಾನ್ಯ ಹಾಸಿಗೆಯ ಮೇಲೆ ಮುಂದಕ್ಕೆ ಬಾಗಿ ಕೂತಿದ್ದಳು. ಉಸಿರೆಳೆದಾಗೆಲ್ಲ ಪಕ್ಕೆಯ ಮೂಳೆಗಳ ನಡುವೆ ಚರ್ಮ ಒಳಗೆ ಹೋಗುತ್ತಿತ್ತು. ಮಾತಾಡಿಸಿದರೆ ಬಾಯಿ ತೆರೆಯುತ್ತಿತ್ತು, ಮಾತು ಬರುತ್ತಿರಲಿಲ್ಲ. ಸುಪ್ರಜಾ ಮಗುವನ್ನು ಎತ್ತಿಕೊಂಡು ಬರಿಗಾಲಲ್ಲೇ ಆಟೋ ಹತ್ತಿದಳು. ನರ್ಸಿಂಗ್ ಹೋಮಿನ ಡಾಕ್ಟರಮ್ಮ ಮಗುವಿನ ಅಂಗಿ ಎತ್ತಿದವರೇ ತಲೆ ಹಿಂದಕ್ಕೆ ತೆಗೆದರು.

"ಏನ್ ಹಚ್ಚಿದೀರ ಇದಕ್ಕೆ?"

ಸುಪ್ರಜಾಳಿಗೆ ಗೊತ್ತಿರಲಿಲ್ಲ. ಹಿಂದೆಯೇ ಇನ್ನೊಂದು ಆಟೋದಲ್ಲಿ ಬಂದಿದ್ದ ಶೀನಣ್ಣನವರು ಬಾಗಿಲ ಹತ್ತಿರದಿಂದ ಹೇಳಿದರು. ಡಾಕ್ಟರಮ್ಮ ಬಯ್ಯಲಿಲ್ಲ. ನೆಬ್ಯುಲೈಜರ್ ಹಾಕಿಸಿ, ಮಗುವಿನ ತುಟಿಗೆ ಬಣ್ಣ ಮರಳಿದ ಮೇಲೆ ಹೇಳಿದರು: "ಇಷ್ಟು ಚಿಕ್ಕ ಮಕ್ಕಳಿಗೆ ನೀಲಗಿರಿ, ಕರ್ಪೂರ ಎರಡೂ ಬೇಡ ಯಜಮಾನ್ರೇ. ಉಸಿರು ಕಟ್ಟತ್ತೆ. ಇವಳಿಗೆ ವೀಜಿಂಗ್ ಇದೆ, ಉಸಿರಲ್ಲಿ ಸಿಳ್ಳು ಬರತ್ತೆ. ಮನೇಲಿ ಘಾಟು ಇರೋದೇನಿದ್ರೂ ತೆಗೀಬೇಕು."

"ಮನೇನೇ ಘಾಟು ಡಾಕ್ಟ್ರೇ," ಎಂದ ಆಕರ್ಷ.

ಮಗುವನ್ನು ಮನೆಗೆ ಕರೆತಂದ ದಿನ ಭಾಗೀರಥಮ್ಮ ಮೆಣಸಿನ ಸಾರು, ಹುರುಳಿಕಾಯಿ ಪಲ್ಯ ಮಾಡಿದ್ದರು. ಪಲ್ಯಕ್ಕೆ ಯಾರೂ ಕೈ ಹಾಕಲಿಲ್ಲ.

"ಮಾವ, ಆ ಕೋಣೆ ಖಾಲಿ ಆಗ್ಬೇಕು," ಎಂದಳು ಸುಪ್ರಜಾ.

"ಖಾಲಿ ಮಾಡಿ ಎಲ್ಲಿಡ್ಲಿ? ತಲೆ ಮೇಲಾ?"

"ಅದು ನಂಗೊತ್ತಿಲ್ಲ ಮಾವ."

"ನಮ್ಮಪ್ಪ ನಂಗೆ ಅದನ್ನೇ ಹಚ್ತಿದ್ದಿದ್ದು. ನಾನು ಇವನಿಗೆ ಹಚ್ಚಿದೆ. ಇವನೇನು ಸತ್ತನಾ?"

"ಬಿಡ್ತು ಅನ್ನಿ," ಎಂದರು ಭಾಗೀರಥಮ್ಮ.

ಆಕರ್ಷ ಅನ್ನ ಕಲಸುತ್ತಲೇ ಇದ್ದ. "ಅಪ್ಪ, ನಾನು ಸ್ಕೂಲಿಗೆ ಹೋಗೋವಾಗ ಚಳಿಗಾಲ ಬಂದ್ರೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಿದ್ನಲ್ಲ. ಅದಕ್ಕೇನಂತಿದ್ರಿ ನೀವು?"

"ಶೀತದ ಮೈ ಅಂತಿದ್ವಿ."

"ಇದೇ ಇದ್ದಿರ್ಬೇಕು ಅದೂನು."

ಶೀನಣ್ಣನವರು ಮಗನನ್ನು ನೋಡಿದರು. ಆಮೇಲೆ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದು ಕೈ ತೊಳೆದರು.

ಅದೇ ವಾರ ಕ್ಯಾನುಗಳು ಗೂಡ್ಸ್ ಆಟೋ ಹತ್ತಿದವು. ಬಿನ್ನಿಪೇಟೆಯಲ್ಲಿ ಊದಿನಕಡ್ಡಿ ಮಾಡುವ ಕೈಲಾಸ್ ಹಳೆಯ ಗಿರಾಕಿ. ತನ್ನ ಶೆಡ್ಡಿನ ಒಂದು ಮೂಲೆ ಬಿಟ್ಟುಕೊಟ್ಟ. "ಇನ್ಮೇಲೆ ನಿಮ್ಮನೆ ಹುಡುಕೋದು ಹೆಂಗಣ್ಣ? ನಾನು ಮನೆ ನಂಬರ್ ನೋಡಿದ್ದೇ ಇಲ್ಲ. ಮೂಗು ಹಿಡ್ಕೊಂಡ್ ಬರ್ತಿದ್ದೆ," ಎಂದು ನಗಿಸಲು ನೋಡಿದ.

ಖಾಲಿ ಕೋಣೆಯ ಗಾರೆ ನೆಲವನ್ನು ಸೀಗೆಪುಡಿ ಹಾಕಿ ಉಜ್ಜಿಸಿದರು. ಗೋಡೆ ಕೆರೆಸಿ ಸುಣ್ಣ ಹೊಡೆಸಿದರು. ಸ್ವಲ್ಪ ದಿನ ಸುಣ್ಣದ ವಾಸನೆ ಇತ್ತು. ಅದು ಆರಿದ ಮೇಲೆ ಕೆಳಗಿನಿಂದ ಪಚೋಲಿ ಮೆಲ್ಲಗೆ ವಾಪಸು ಬಂತು.

"ಗೋಡೆ ಕುಡಿದಿದೆ," ಎಂದರು ಶೀನಣ್ಣನವರು. "ನಮ್ಮಪ್ಪನ ಕಾಲದಿಂದ ಕುಡಿದಿದೆ. ಏನ್ಮಾಡಕ್ಕಾಗತ್ತೆ?"

ದೇವರ ಮುಂದೆ ಊದಿನಕಡ್ಡಿ ಹಚ್ಚುವುದು ನಿಂತಿತು, ದೀಪ ಮಾತ್ರ. ಮೆಣಸಿನಕಾಯಿ ಒಗ್ಗರಣೆ ಮಗು ಶಿಶುವಿಹಾರಕ್ಕೆ ಹೋದ ಹೊತ್ತಿನಲ್ಲಿ ಮಾತ್ರ.

"ಒಗ್ಗರಣೆಗೂ ಟೈಮ್ ಟೇಬಲ್ಲಾ?" ಎಂದು ಭಾಗೀರಥಮ್ಮ ಸೊಸೆಯನ್ನು ಕೇಳಿದರು.

"ಹೌದತ್ತೆ."

"ನಾಳೆ ಅನ್ನಕ್ಕೂ ರಜೆ ಕೊಟ್ಬಿಡು."

"ನಂಗೇನ್ ಖುಷೀನಾ ಅತ್ತೆ ಇದೆಲ್ಲ? ನೀವೇ ಒಂದ್ಸಲ ಆ ಉಸಿರಿನ ಸದ್ದು ಕೇಳಿಸ್ಕೊಂಡು ಒಗ್ಗರಣೆ ಹಾಕಿ ನೋಡೋಣ."

ಭಾಗೀರಥಮ್ಮ ಸಾಸಿವೆ ಡಬ್ಬಿ ಮುಚ್ಚಿಟ್ಟರು.

ಶೀನಣ್ಣನವರು ಈಗ ಅಂಗಡಿಯಿಂದ ಬಂದರೆ ಮುಂಬಾಗಿಲಿಗೆ ಬರುವಂತಿರಲಿಲ್ಲ. ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಿ, ಪಂಚೆ, ಅಂಗಿ, ಟವೆಲು ಅಲ್ಲೇ ಬಕೆಟ್ಟಿಗೆ ಹಾಕಿ, ಕಡಲೆಹಿಟ್ಟು ಹಚ್ಚಿ ಸ್ನಾನ ಮಾಡಬೇಕು. ವಾಸನೆ ಹೋಯಿತೋ ಇಲ್ಲವೋ ಅವರಿಗೆ ತಿಳಿಯುತ್ತಿರಲಿಲ್ಲ. ಊರಿನವರೆಲ್ಲ ಎಣ್ಣೆ ತಂದು ಅವರ ಮೂಗಿಗೆ ಹಿಡಿಯುತ್ತಿದ್ದರು, ತಮ್ಮ ಮೈ ಮಾತ್ರ ಆ ಮೂಗಿಗೆ ಸಿಗುತ್ತಿರಲಿಲ್ಲ.

"ಹೋಗಿದ್ಯಾ ನೋಡು," ಎಂದು ಹೆಂಡತಿಯ ಮುಂದೆ ತೋಳು ಚಾಚಿದರು.

"ನಂಗೇನ್ ಗೊತ್ತಾಗತ್ತೆ? ಮದುವೆ ಆದಾಗಿಂದ ನನ್ ಮೂಗಿಗೆ ನೀವಂದ್ರೆ ಅದೇ."

ಹಾಗಾಗಿ ಸೊಸೆಯೇ ಹೇಳಬೇಕಾಯಿತು. ಪ್ರತಿ ಸಂಜೆ ಮಾವ ಅಡುಗೆಮನೆಯ ಹಿಂಬಾಗಿಲಲ್ಲಿ ಒದ್ದೆ ತಲೆಯಲ್ಲಿ ನಿಲ್ಲುತ್ತಿದ್ದರು. ಸುಪ್ರಜಾ ಈಚೆ ನಿಂತು ನೆಲ ನೋಡುತ್ತಾ ಉಸಿರೆಳೆದುಕೊಳ್ಳುತ್ತಿದ್ದಳು.

"ಬರ್ತಿದ್ಯಾಮ್ಮ?"

"ಸ್ವಲ್ಪ ಇದೆ ಮಾವ."

"ಇನ್ನೊಂದು ಸಲ ಹಾಕ್ಕೊಂಡು ಬರ್ತೀನಿ ನೀರು."

"ಚಳಿ ಇದೆ ಮಾವ. ಬೇಡ. ದೂರ ಕೂತ್ಕೊಳಿ, ಸಾಕು."

ಅವರು ದೂರ ಕೂತರು. ಮಾನ್ಯ ಹಜಾರದ ಈ ತುದಿಯಿಂದ ನೋಡಿ, ಓಡಲು ಹೋಗಿ, ಅಜ್ಜಿಯ ಕೈಗೆ ಸಿಕ್ಕಿಕೊಳ್ಳುತ್ತಿದ್ದಳು. "ತಾತ ನಂಜೊತೆ ಟೂ ಬಿಟ್ಟಿದಾನೆ," ಎಂದು ಶಿಶುವಿಹಾರದ ಮಿಸ್ಸಿಗೆ ಹೇಳಿದಳಂತೆ.

ಕಾರ್ತಿಕದ ಕೊನೆಯಲ್ಲಿ ಮಗುವಿಗೆ ಮತ್ತೆ ಉಸಿರು ಹಿಡಿಯಿತು. ಮತ್ತೆ ಆಟೋ, ಮತ್ತೆ ನರ್ಸಿಂಗ್ ಹೋಮಿನ ಬೆಂಚು. ಮಾರನೆಯ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಶೀನಣ್ಣನವರು ಹೇಳಿದರು: "ಕೈಲಾಸನಿಗೆ ಹೇಳಿದೀನಿ. ಸರಕು, ಅಂಗಡಿ ಎರಡೂ ಅವನೇ ತಗೋತಾನೆ."

"ಅಪ್ಪ, ಅಷ್ಟು ದೂರ ಹೋಗೋದ್ ಬೇಡ," ಎಂದ ಆಕರ್ಷ.

"ಇನ್ನೆಷ್ಟು ದೂರ ಕೂರ್ಲಿ ನಾನು? ಬೀದೀಲಾ?"

ಆಕರ್ಷ ಹೆಂಡತಿಯ ಮುಖ ನೋಡಿದ. ಸುಪ್ರಜಾ ಬೇಡ ಅನ್ನಲಿಲ್ಲ. ಕಾಫಿ ಲೋಟ ಮಾವನ ಹತ್ತಿರಕ್ಕೆ ಸರಿಸಿದಳು, ಅಷ್ಟೇ.

ಮಗ, ಸೊಸೆಯ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಅದಕ್ಕೇನೂ ತೊಂದರೆ ಇರಲಿಲ್ಲ. ಆದರೆ ಹಾಲು, ತರಕಾರಿ, ಹೂವಿನ ಖರ್ಚು ಮೊದಲಿನಿಂದ ಶೀನಣ್ಣನವರದು. ಅಂಗಡಿ ಮಾರಿದ ಹಣವನ್ನು ಅವರು ಮಾನ್ಯಳ ಹೆಸರಿನಲ್ಲಿ ಬ್ಯಾಂಕಿಗೆ ಹಾಕಿಬಿಟ್ಟರು. ಈಗ ಭಾಗೀರಥಮ್ಮ ಹೂವಿನವಳು ಬಂದಾಗ ಸೊಸೆಯ ಪರ್ಸಿನ ಕಡೆ ನೋಡಬೇಕಾಗಿತ್ತು. ಸುಪ್ರಜಾ ಕೇಳುವ ಮೊದಲೇ ಫ್ರಿಜ್ಜಿನ ಮೇಲೆ ಹಣ ಇಡಲು ಶುರುಮಾಡಿದಳು. ಭಾಗೀರಥಮ್ಮ ಮಲ್ಲಿಗೆ ಬಿಟ್ಟು ಸೇವಂತಿಗೆ ಕೊಳ್ಳಲು ಶುರುಮಾಡಿದರು. "ಮಲ್ಲಿಗೆ ಘಾಟು," ಎಂದರು, ಯಾರೂ ಕೇಳದೆ.

ಶೀನಣ್ಣನವರ ಪಂಚೆಗಳೆಲ್ಲ ಸೋಪಿನಲ್ಲಿ ಕುದ್ದವು. ಅಂಗಿ ಬದಲು ಆಕರ್ಷನ ಹಳೆಯ ಟೀ ಶರ್ಟು ಹಾಕಿಕೊಂಡರು. ಹೆಗಲು ಬರಿದಾಯಿತು, ಮಾತಿನ ನಡುವೆ ಕೈ ಅಲ್ಲಿಗೆ ಹೋಗಿ ಸುಮ್ಮನೆ ಇಳಿಯುತ್ತಿತ್ತು. ಅವರೆಕಾಯಿಯ ಕಾಲ. ಹಜಾರದಲ್ಲಿ ಪೇಪರು ಹಾಸಿಕೊಂಡು ಕೂತು ಕಾಳು ಬಿಡಿಸಿದರು, ನೆನೆಹಾಕಿ ಹಿತುಕಿದರು. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಸುಪ್ರಜಾ ಹತ್ತಿರ ಬಂದು ನಿಂತಳು.

"ಈಗ ಏನೂ ಇಲ್ಲ ಮಾವ. ಎತ್ಕೊಳ್ಳಿ ಅವಳನ್ನ."

ಶೀನಣ್ಣನವರು ಕೈ ಒರೆಸಿಕೊಂಡು ಮೊಮ್ಮಗಳನ್ನು ಎತ್ತಿಕೊಂಡರು. ಮಾನ್ಯ ಹೆಗಲಿಗೆ ಮೂಗು ಒತ್ತಿದಳು. ಕತ್ತಿಗೆ ಒತ್ತಿದಳು. ಅವರ ಬೆರಳು ಹಿಡಿದು ಮೂಸಿದಳು.

"ಹೇಳು, ಏನು?"

"ಅವರೆಕಾಯಿ."

"ಅದರ ಕೆಳಗೆ?"

"ಏನೂ ಇಲ್ಲ." ಅವಳು ಕಾಲು ಕೊಸರಿ ಕೆಳಗಿಳಿದಳು. "ತಾತ ಯಾವಾಗ ಬರತ್ತೆ?"

"ಇದೇ ಅಲ್ವೇನೇ ತಾತ," ಎಂದ ಆಕರ್ಷ.

ಮಾನ್ಯ ಅನುಮಾನದಿಂದ ಒಮ್ಮೆ ತಿರುಗಿ ನೋಡಿ ಅಜ್ಜಿಯ ಹತ್ತಿರ ಹೋದಳು. ಆ ದಿನದಿಂದ ಅವಳಿಗೆ ನಿದ್ದೆಯ ರಗಳೆ ಶುರುವಾಯಿತು. ಮಧ್ಯಾಹ್ನ ಅಂತೂ ಕಣ್ಣೇ ಮುಚ್ಚುತ್ತಿರಲಿಲ್ಲ, ಅತ್ತು ಅತ್ತು ಕೆಮ್ಮು ತಂದುಕೊಳ್ಳುತ್ತಿದ್ದಳು. ಆಮೇಲೆ ಯಾವಾಗಲೋ ಮಧ್ಯಾಹ್ನದ ನಿದ್ದೆ ಸರಿಹೋಯಿತು. "ಏನ್ ಮಾಡಿದ್ರಿ ಅತ್ತೆ?" ಎಂದು ಸುಪ್ರಜಾ ಕೇಳಿದರೆ, "ತಟ್ಟಿ ಮಲಗಿಸ್ತೀನಿ," ಎಂದರು ಭಾಗೀರಥಮ್ಮ.

ಸಂಕ್ರಾಂತಿಗೆ ಮುಂಚೆ ಮತ್ತೊಂದು ಸಲ ಆಸ್ಪತ್ರೆಗೆ ಓಡಬೇಕಾಯಿತು. ಸುಪ್ರಜಾ ಡಾಕ್ಟರಮ್ಮನ ಮೇಜಿನ ಮೇಲೆ ಎರಡೂ ಕೈ ಊರಿದಳು.

"ಮನೇಲಿ ಈಗ ಏನೂ ಇಲ್ಲ ಡಾಕ್ಟರ್. ಊದಿನಕಡ್ಡಿ ಇಲ್ಲ, ಒಗ್ಗರಣೆ ಇಲ್ಲ. ನಮ್ ಮಾವ ಅಂಗಡಿ ಮುಚ್ಚಿದ್ರು."

"ಇದು ಒಂದರಿಂದಲೇ ಬರತ್ತೆ ಅಂತ ಹೇಳಕ್ಕಾಗಲ್ಲಮ್ಮ. ಚಳಿ ಇರಬಹುದು. ಧೂಳಿರಬಹುದು, ನಿಮ್ಮ ಕಡೆ ರಸ್ತೆ ಅಗೀತಿದಾರಲ್ಲ. ಇವರಪ್ಪನಿಗೂ ಇತ್ತು ಅಂತೀರಿ. ದೊಡ್ಡೋಳಾಗ್ತಾ ಬಿಟ್ಟುಹೋದ್ರೂ ಹೋಗಬಹುದು."

"ಹಾಗಾದ್ರೆ ಅಂಗಡಿ?"

"ಮುಚ್ಚಿದ್ದು ಒಳ್ಳೇದೇ," ಎಂದರು ಡಾಕ್ಟರಮ್ಮ, ಚೀಟಿ ಬರೆಯುತ್ತಾ. ಮನೆಯಲ್ಲೇ ಇಟ್ಟುಕೊಳ್ಳಲು ಸಣ್ಣ ನೆಬ್ಯುಲೈಜರ್ ಕೊಳ್ಳಿ ಎಂದರು.

ಮನೆಗೆ ಬಂದ ಸುಪ್ರಜಾ ಮಾವನ ಎದುರು ಪೇಪರಿನ ಅಂಚಿನಲ್ಲಿ ಕೂತು ತಾನೂ ಅವರೆಕಾಯಿ ಬಿಡಿಸಿದಳು. ಬುಟ್ಟಿ ಅರ್ಧವಾಯಿತು.

"ಡಾಕ್ಟರ್ ಅದರಿಂದಲೇ ಅಂತ ಹೇಳಕ್ಕಾಗಲ್ಲ ಅಂದ್ರು ಮಾವ."

"ಆಕರ್ಷ ಹೇಳಿದ."

"ಕೈಲಾಸ್ ಅವರ ಹತ್ರ ಅಂಗಡಿ ವಾಪಸು ಕೇಳ್ಬಹುದಾ?"

"ಬೋರ್ಡ್ ಬದಲಾಯಿಸಿದಾನಮ್ಮ." ಅವರು ಒಂದು ಹುಳುಕು ಕಾಯಿ ಆರಿಸಿ ಪಕ್ಕಕ್ಕಿಟ್ಟರು. "ಆಮೇಲೆ, ಅದರಿಂದ ಅಲ್ಲ ಅಂತಾನೂ ಹೇಳ್ಲಿಲ್ವಲ್ಲ ಅವರು."

ಹಬ್ಬ ಕಳೆದ ಶನಿವಾರ ಸ್ಕೂಲು ಬೇಗ ಬಿಟ್ಟಿತು. ಸುಪ್ರಜಾ ಮನೆಗೆ ಬಂದಾಗ ಶೀನಣ್ಣನವರು ಹಾಲು ತರಲು ಹೋಗಿದ್ದರು, ಆಕರ್ಷ ಬ್ಯಾಂಕಿನಿಂದ ಬಂದಿರಲಿಲ್ಲ. ಹಜಾರಕ್ಕೆ ಕಾಲಿಡುತ್ತಲೇ ಕೋಣೆಯೊಳಗಿನ ಸಿಳ್ಳಿನಂಥ ಉಸಿರು ಕೇಳಿಸಿತು. ಮಾನ್ಯ ಮಲಗಿದ್ದಳು. ಕೆನ್ನೆಯ ಕೆಳಗೆ ಮಡಿಸಿದ ಹಳೆಯ ಟವೆಲು, ಅದರ ಅಂಚು ಮುಷ್ಟಿಯೊಳಗೆ.

ಸುಪ್ರಜಾ ಮೊದಲು ನೆಬ್ಯುಲೈಜರ್ ಹಚ್ಚಿದಳು. ಎಚ್ಚರವಾದ ಮಗುವಿನ ಮುಖಕ್ಕೆ ಮಾಸ್ಕ್ ಹಿಡಿದ ಮೇಲೆ ಕೂಗಿದಳು.

"ಅತ್ತೆ. ಇದೇನಿದು?"

ಭಾಗೀರಥಮ್ಮ ಒದ್ದೆ ಕೈಯಲ್ಲಿ ಬಂದು ಬಾಗಿಲಲ್ಲಿ ನಿಂತರು. ಉತ್ತರಕ್ಕೆ ಮುಂಚೆ ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಸೀರೆ ಪೆಟ್ಟಿಗೇಲಿತ್ತು."

"ಯಾವಾಗಿಂದ ಕೊಡ್ತಿದೀರ?"

"ಅವರು ಎತ್ಕೊಂಡಾಗ ಇಳಿದು ಬಂದ್ಳಲ್ಲ, ಅದಾಗಿ ಸ್ವಲ್ಪ ದಿನಕ್ಕೆ. ನಿದ್ದೆ ಮಾಡ್ತಿರ್ಲಿಲ್ಲಮ್ಮ ಅದು. ಅತ್ತೂ ಅತ್ತೂ ನೀಲಿ ಆಗ್ತಿತ್ತು. ನೀನು ಸ್ಕೂಲಲ್ಲಿರ್ತೀಯ, ನಾನೊಬ್ಬಳು ಏನ್ ಮಾಡ್ಲಿ?"

"ಹಾಗಾದ್ರೆ ಮೊನ್ನೆ ಆಸ್ಪತ್ರೆಗೆ ಓಡಿದ್ದು..."

"ಗೊತ್ತಿಲ್ಲ ಸುಪ್ರಜಾ. ಅವತ್ತು ಕೊಟ್ಟೇ ಇರ್ಲಿಲ್ಲ. ಕೊಟ್ಟ ದಿನ ಎಷ್ಟೋ ಸಲ ನೆಮ್ಮದಿಯಾಗಿ ಮಲಗಿದೆ. ಇವತ್ತು ಹೀಗಾಯ್ತು. ನಂಗೆ ಏನೂ ಗೊತ್ತಾಗಲ್ಲ."

ಸುಪ್ರಜಾ ಟವೆಲನ್ನು ಎಳೆದಳು. ಮಗು ಬಿಡಲಿಲ್ಲ. ಇನ್ನೊಂದು ಸಲ ಎಳೆದಾಗ ಮಾನ್ಯ ಒದೆಯಲು ಶುರುಮಾಡಿ ಮಾಸ್ಕ್ ಪಕ್ಕಕ್ಕೆ ಸರಿಯಿತು, ಸಿಳ್ಳು ಜೋರಾಯಿತು. ಹಾಲಿನ ಪ್ಯಾಕೆಟ್ಟು ಹಿಡಿದು ಬಂದ ಶೀನಣ್ಣನವರು ಇದನ್ನು ನೋಡಿದರು. ಟವೆಲಿನ ಅಂಚಿನ ಕೆಂಪು ಗೆರೆ ಅವರಿಗೆ ಗೊತ್ತಿತ್ತು, ಹೋದ ವರ್ಷದ್ದು.

ಮಂಚದ ಹತ್ತಿರ ಕೂತು ಮಗುವಿನ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದರು.

"ಒಗೆದು ಕೊಡ್ತೀನಿ ಪುಟ್ಟಿ. ಒಗೆದು ನಿಂಗೇ ಕೊಡ್ತೀನಿ. ಆಮೇಲೆ ಯಾರೂ ಬೇಡ ಅನ್ನಲ್ಲ."

ಹಿತ್ತಲಿನಲ್ಲಿ ಸಂಡಿಗೆ ಹಿಟ್ಟು ಕಾಯಿಸುವ ಒಂಟಿ ಒಲೆ ಇತ್ತು. ಅದರ ಮೇಲೆ ದೊಡ್ಡ ಪಾತ್ರೆ ಇಟ್ಟು, ನೀರು ತುಂಬಿ, ಒಗೆಯುವ ಸೋಡ ಸುರಿದು, ಟವೆಲನ್ನು ಮುಳುಗಿಸಿ ಒಲೆ ಹಚ್ಚಿದರು. ಕೋಲಿನಿಂದ ಒತ್ತುತ್ತಾ ನಿಂತರು. ನೀರು ಹಳದಿಗೆ ತಿರುಗಿತು. ಹೋಗುತ್ತಿದೆ ಅಂದುಕೊಂಡು ಉರಿ ಜಾಸ್ತಿ ಮಾಡಿದರು.

ಕುದಿ ಬಂತು. ಹಬೆ ಎದ್ದಿತು. ಮೊದಲು ದವನ, ಅದರ ಹಿಂದೆ ನಿಂಬೆಹುಲ್ಲು, ಪಚೋಲಿ, ಎಲ್ಲದರ ಕೆಳಗಿನಿಂದ ಲಾವಂಚ. ಒಂದು ವರ್ಷದ ತೊಟ್ಟುಗಳೆಲ್ಲ ಒಟ್ಟಿಗೆ ಎದ್ದು ಹಿತ್ತಲು ತುಂಬಿ, ಒಲೆಗೆ ನೇರ ಮೇಲಿದ್ದ ಅಡುಗೆಮನೆಯ ಕಿಟಕಿಯಿಂದ ಒಳಗೆ ಹೋದವು.

"ಮಾವ, ಏನ್ಮಾಡ್ತಿದೀರ," ಎಂದು ಸುಪ್ರಜಾ ಒಳಗಿನಿಂದ ಕೂಗಿದಳು. "ಅತ್ತೆ, ಕಿಟಕಿ ಹಾಕಿ, ಆ ಕಡೇದೂ ಹಾಕಿ." ಬಾಗಿಲುಗಳು ಒಂದಾದ ಮೇಲೊಂದು ಬಡಿದುಕೊಂಡವು.

ಶೀನಣ್ಣನವರು ಒಲೆ ಆರಿಸಿದರು. ಹಬೆ ನಿಲ್ಲಲಿಲ್ಲ. ಪಾತ್ರೆ ಎತ್ತಲು ಹೋದರು, ಭಾರಕ್ಕೆ ಏಳಲಿಲ್ಲ. ಮುಚ್ಚಳ ಹುಡುಕಿ ತಂದು ಮುಚ್ಚಿದರು. ಅಂಚಿನ ಸಂದಿಯಲ್ಲಿ ಬಂತು.

ಮುಚ್ಚಿದ ಕಿಟಕಿಯ ಆಚೆ ಮಾನ್ಯ ಮಾಸ್ಕ್ ಕಿತ್ತುಹಾಕಿದ್ದು ಅವಳ ಧ್ವನಿಯಿಂದಲೇ ಗೊತ್ತಾಯಿತು. ಉಸಿರು ಸಾಲದೆ ತುಂಡು ತುಂಡಾಗಿ ಹೇಳುತ್ತಿದ್ದಳು.

"ತಾತ ಬಂತು. ಅಮ್ಮಾ, ತಾತ ಬಂತು."

ಶೀನಣ್ಣನವರು ಎರಡೂ ಕೈಯಿಂದ ಮುಚ್ಚಳವನ್ನು ಒತ್ತಿ ಹಿಡಿದರು.

"ರೀ, ಕೈ ಸುಡತ್ತೆ, ಬಿಡಿ," ಎಂದು ಗಾಜಿನ ಆಚೆಯಿಂದ ಭಾಗೀರಥಮ್ಮ ಹೇಳಿದರು.

ಅವರು ಬಿಡಲಿಲ್ಲ. ಬೆರಳುಗಳ ನಡುವಿನಿಂದ ಬಿಳಿ ಹಬೆ ಏಳುತ್ತಲೇ ಇತ್ತು.